ಪಾದದ ತಜ್ಞರ ಬಳಿ ಹೋದರೆ ಅಲ್ಲಿ ಏನು ಮಾಡುತ್ತಾರೆ?

ಪ್ರಶ್ನೆ: ನಮ್ಮ ತಂದೆಯವರಿಗೆ ಅರವತ್ತು ದಾಟಿದೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಅಂಗಾಲಿನಲ್ಲಿ ಚರ್ಮ ಜಡ್ಡುಗಟ್ಟಿದೆ, ಕಾಲು ಆಗಾಗ ಜೋಮು ಹಿಡಿಯುತ್ತದೆ ಎನ್ನುತ್ತಾರೆ, ಆದರೆ ನೋವಿಲ್ಲ. ನಮ್ಮ ವೈದ್ಯರು ಒಮ್ಮೆ ಪೋಡಿಯಾಟ್ರಿಸ್ಟ್‌ಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ. "ನೋವೇ ಇಲ್ಲದ ಕಾಲನ್ನು ಯಾಕೆ ತೋರಿಸಬೇಕು? ಹೋದರೆ ಬೆರಳು ತೆಗೆಯಬೇಕು ಅಂತಾರೆ" ಎಂದು ಅಪ್ಪ ಹೊರಡಲು ಒಪ್ಪುತ್ತಿಲ್ಲ. ಅಲ್ಲಿ ನಿಜವಾಗಿ ಏನು ಮಾಡುತ್ತಾರೆ? ನಾವು ಹೇಗೆ ಸಿದ್ಧರಾಗಿ ಹೋಗಬೇಕು?

ಉತ್ತರ: ನೋವಿಲ್ಲ ಎಂದು ನಿಮ್ಮ ತಂದೆಯವರು ಹೇಳುವ ಮಾತೇ ಅವರನ್ನು ತಡಮಾಡದೆ ಕರೆದುಕೊಂಡು ಹೋಗಲು ದೊಡ್ಡ ಕಾರಣ. ರಕ್ತದಲ್ಲಿ ಸಕ್ಕರೆಯ ಪ್ರಮಾಣ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ನರಗಳು ಹಾಳಾಗುತ್ತ ಹೋಗುತ್ತವೆ; ದೇಹದ ಅತಿ ಉದ್ದದ ನರಗಳು ಪಾದವನ್ನು ತಲುಪುವಂಥವೇ ಆದ್ದರಿಂದ ಹಾನಿ ಮೊದಲು ಕಾಣಿಸಿಕೊಳ್ಳುವುದು ಕಾಲ್ಬೆರಳುಗಳಲ್ಲಿ. ಆರಂಭದಲ್ಲಿ ಜುಮುಜುಮು, ಉರಿ, ಹತ್ತಿಯ ಮೇಲೆ ನಡೆದಂಥ ಅನುಭವ ಇರುತ್ತದೆ. ಬರಬರುತ್ತ ಸ್ಪರ್ಶವೇ ತಿಳಿಯದ ಸ್ಥಿತಿ ಬರುತ್ತದೆ. ಚಪ್ಪಲಿಯೊಳಗೆ ಸೇರಿದ ಹರಳುಕಲ್ಲು, ಅಟ್ಟೆ ತೂರಿ ಬಂದ ಮುಳ್ಳು, ಬೇಸಿಗೆಯ ಮಧ್ಯಾಹ್ನ ಕಾದ ಕಲ್ಲುಹಾಸಿನ ಮೇಲೆ ದೇವಸ್ಥಾನದ ಪ್ರದಕ್ಷಿಣೆ, ಇವು ಯಾವುವೂ ಅರಿವಿಗೆ ಬರದೆ ಗಾಯ ಮಾಡಿ ಹೋಗುತ್ತವೆ. ಎಷ್ಟೋ ಮನೆಗಳಲ್ಲಿ ಆ ಗಾಯ ಗೊತ್ತಾಗುವುದು ಕಾಲುಚೀಲ ಒದ್ದೆಯಾದಾಗ ಅಥವಾ ಹಾಸಿಗೆಯ ಮೇಲೆ ಕೀವಿನ ಕಲೆ ಕಂಡಾಗ.

ಬೆರಳು ತೆಗೆಯುವ ಭಯವನ್ನು ಹಗುರವಾಗಿ ಕಾಣಬೇಡಿ, ಅದು ಸುಮ್ಮನೆ ಹುಟ್ಟಿದ್ದಲ್ಲ. ನೆಂಟರಲ್ಲೋ ಊರಲ್ಲೋ ಆಸ್ಪತ್ರೆಗೆ ಹೋದವರೊಬ್ಬರು ಬೆರಳು ಕಳೆದುಕೊಂಡು ಬಂದದ್ದನ್ನು ಅವರು ನೋಡಿರುತ್ತಾರೆ. ಆದರೆ ಆ ಮಾತು ಬರುವುದು ಸೋಂಕು ಮೂಳೆಗೆ ಇಳಿದು ಹರಡುತ್ತಿರುವಾಗ, ಇಲ್ಲವೇ ರಕ್ತ ಸಂಚಾರ ನಿಂತು ಬೆರಳು ಕಪ್ಪಾದಾಗ. ಗಾಯವಿಲ್ಲದ ಕಾಲಿಗೆ, ಮೊದಲ ಭೇಟಿಯಲ್ಲಿ, ಆ ಪ್ರಶ್ನೆಯೇ ಏಳುವುದಿಲ್ಲ. ಆ ಹಂತಕ್ಕೆ ಹೋಗದಂತೆ ತಡೆಯಲೆಂದೇ ನಿಮ್ಮ ವೈದ್ಯರು ಚೀಟಿ ಬರೆದಿದ್ದಾರೆ ಎಂಬುದನ್ನು ತಂದೆಯವರಿಗೆ ಸಮಾಧಾನದಿಂದ ಹೇಳಿ.

ಪೋಡಿಯಾಟ್ರಿಸ್ಟ್ ಎಂದರೆ ಪಾದ ಮತ್ತು ಕಣಕಾಲಿನ ತೊಂದರೆಗಳನ್ನು ನೋಡುವ ತಜ್ಞರು. ಅಮೆರಿಕ, ಬ್ರಿಟನ್‌ಗಳಲ್ಲಿ ಇದು ಪ್ರತ್ಯೇಕ ಪದವಿಯೂ ನೋಂದಣಿಯೂ ಇರುವ ವೃತ್ತಿಯಾದ್ದರಿಂದ, ಅಲ್ಲಿ ನೆಲೆಸಿರುವ ಮಕ್ಕಳು ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನಿನಲ್ಲಿ ಈ ಹೆಸರು ಹೇಳುವುದುಂಟು. ನಮ್ಮಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡುವವರು ಮಧುಮೇಹದ ಪಾದದ ಬಗ್ಗೆ ವಿಶೇಷ ತರಬೇತಿ ಪಡೆದ ಶಸ್ತ್ರಚಿಕಿತ್ಸಕರು ಮತ್ತು ಮಧುಮೇಹ ತಜ್ಞರು. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಕರ್ನಾಟಕ ಎಂಡೋಕ್ರಿನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪಾದದ ಚಿಕಿತ್ಸೆಗೆಂದೇ ವಿಭಾಗವಿದೆ. ದೊಡ್ಡ ಆಸ್ಪತ್ರೆಗಳಲ್ಲಿ "ಡಯಾಬಿಟಿಕ್ ಫುಟ್ ಕ್ಲಿನಿಕ್" ಎಂದು ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಸಣ್ಣ ಊರುಗಳಲ್ಲಿ ಅಂಥ ವಿಭಾಗ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ತೋರಿಸಿ. ಮುಂದೆ ಹೇಳಲಿರುವ ಮುಖ್ಯ ಪರೀಕ್ಷೆಗಳಿಗೆ ದುಬಾರಿ ಯಂತ್ರಗಳೇನೂ ಬೇಕಾಗಿಲ್ಲ.

ಹೊರಡುವಾಗ ಇತ್ತೀಚಿನ ರಕ್ತಪರೀಕ್ಷೆಯ ವರದಿ, ಅದರಲ್ಲೂ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ, ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಚೀಟಿ, ಹಳೆಯ ಎಕ್ಸ್‌ರೇ ಇದ್ದರೆ ಅದು, ಇಷ್ಟನ್ನು ಇಟ್ಟುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು. ಪಂಚೆಯೋ ಮೊಣಕಾಲಿನವರೆಗೆ ಮಡಚಲು ಬರುವ ಸಡಿಲವಾದ ಪ್ಯಾಂಟೋ ಇದ್ದರೆ ಅನುಕೂಲ. ಹಿಂದಿನ ದಿನ ಅರಿಸಿನ, ಮೆಹಂದಿ, ಉಗುರುಬಣ್ಣ ಹಚ್ಚಬೇಡಿ, ಏಕೆಂದರೆ ಚರ್ಮದ ಮತ್ತು ಉಗುರಿನ ನಿಜವಾದ ಬಣ್ಣ ಅವರಿಗೆ ಕಾಣಬೇಕು. ವೈದ್ಯರ ಮುಂದೆ ಕಾಲು ಚೆನ್ನಾಗಿ ಕಾಣಲಿ ಎಂದು ಜಡ್ಡನ್ನು ಬ್ಲೇಡಿನಿಂದ ಹೆರೆದುಕೊಂಡು ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಎಲ್ಲರೂ ಮರೆಯುವ ಒಂದು ವಸ್ತುವಿದೆ, ದಿನವೂ ಮೆಟ್ಟುವ ಚಪ್ಪಲಿ. ಆಸ್ಪತ್ರೆಗೆಂದು ಹೊಸ ಜೋಡು ಹಾಕಿಸಿಕೊಂಡು ಹೋಗುವ ಬದಲು ಹೊಲಕ್ಕೋ ಅಂಗಡಿಗೋ ಹಾಕಿಕೊಂಡು ಹೋಗುವ ಸವೆದ ಜೋಡನ್ನೇ ತೆಗೆದುಕೊಂಡು ಹೋಗಿ. ತಜ್ಞರು ಅದನ್ನು ತಿರುಗಿಸಿ ಅಟ್ಟೆ ಎಲ್ಲಿ ಸವೆದಿದೆ, ಒಳಮೈಯಲ್ಲಿ ಯಾವ ಬೆರಳಿನ ಕೆಳಗೆ ಗುಳಿ ಬಿದ್ದಿದೆ, ಮೊಳೆಯ ತುದಿ ಮೇಲೆ ಬಂದಿದೆಯೇ ಎಂದು ನೋಡುತ್ತಾರೆ. ಕಾಲಿನಲ್ಲಿ ಜಡ್ಡು ಇರುವ ಜಾಗಕ್ಕೂ ಚಪ್ಪಲಿಯಲ್ಲಿ ಗುಳಿ ಬಿದ್ದಿರುವ ಜಾಗಕ್ಕೂ ತಾಳೆಯಾದರೆ, ನಡೆಯುವಾಗ ಭಾರವೆಲ್ಲ ಎಲ್ಲಿ ಬೀಳುತ್ತಿದೆ ಎಂಬುದು ಯಂತ್ರವಿಲ್ಲದೆಯೇ ತಿಳಿದುಹೋಗುತ್ತದೆ.

ಪರೀಕ್ಷೆ ಶುರುವಾಗುವುದು ಕಣ್ಣಿನಿಂದ ಮತ್ತು ಕೈಯಿಂದ. ಬೆರಳುಗಳ ಸಂದಿ ಬಿಡಿಸಿ ಕೆಸರುಹುಣ್ಣು ಇದೆಯೇ, ಹಿಮ್ಮಡಿಯ ಒಡಕು ಆಳಕ್ಕೆ ಇಳಿದಿದೆಯೇ, ಉಗುರು ಮಾಂಸದೊಳಗೆ ಚುಚ್ಚಿಕೊಂಡಿದೆಯೇ, ಬೆರಳುಗಳು ಮಡಚಿಕೊಂಡಿವೆಯೇ ಎಂದು ನೋಡುತ್ತಾರೆ. ಎರಡೂ ಪಾದಗಳನ್ನು ಮುಟ್ಟಿ ಬಿಸಿಯನ್ನು ಹೋಲಿಸುತ್ತಾರೆ. ಒಂದು ಪಾದ ಇನ್ನೊಂದಕ್ಕಿಂತ ಸುಮಾರು 2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬೆಚ್ಚಗಿದ್ದರೆ ಒಳಗೆ ಉರಿಯೂತ ನಡೆದಿದೆ ಎಂದು ಅನುಮಾನಿಸಬೇಕಾಗುತ್ತದೆ. ಗಾಯವಿಲ್ಲದೆ, ಹೆಚ್ಚು ನೋವೂ ಇಲ್ಲದೆ ಒಂದೇ ಪಾದ ಊದಿಕೊಂಡು ಬಿಸಿಯಾಗಿ ಕೆಂಪಾಗುವುದು ಶಾರ್ಕೋ ಪಾದ ಎಂಬ ಸ್ಥಿತಿಯಾಗಿರಬಹುದು. ಅದರಲ್ಲಿ ಪಾದದ ಸಣ್ಣ ಮೂಳೆಗಳು ಅರಿವಿಲ್ಲದೆ ಮುರಿಯುತ್ತಿರುತ್ತವೆ, ಉಳುಕು ಎಂದುಕೊಂಡು ತಿಕ್ಕಿಸಿಕೊಂಡು ನಡೆದಾಡಿದರೆ ಪಾದದ ಆಕಾರವೇ ಕೆಡುತ್ತದೆ.

ಆಮೇಲೆ ನಿಮ್ಮ ತಂದೆಯವರ ಮಟ್ಟಿಗೆ ಅತ್ಯಂತ ಮುಖ್ಯವಾದ ಪರೀಕ್ಷೆ ಬರುತ್ತದೆ. ಹಿಡಿಕೆಗೆ ಜೋಡಿಸಿದ ನೈಲಾನ್ ಎಳೆಯೊಂದನ್ನು ತೆಗೆದುಕೊಳ್ಳುತ್ತಾರೆ. ಅದರ ಹೆಸರು ಮೊನೊಫಿಲಮೆಂಟ್. 10 ಗ್ರಾಂ ಒತ್ತಡ ಬಿದ್ದೊಡನೆ ಬಾಗುವಂತೆ ಅದನ್ನು ತಯಾರಿಸಿರುತ್ತಾರೆ. ಮೊದಲು ಕೈಗೆ ಮುಟ್ಟಿಸಿ ಹೇಗಿರುತ್ತದೆಂದು ತೋರಿಸುತ್ತಾರೆ, ಆಮೇಲೆ ಕಣ್ಣು ಮುಚ್ಚಿಸಿ ಹೆಬ್ಬೆರಳಿನ ಅಡಿಭಾಗಕ್ಕೆ, ಹೆಬ್ಬೆರಳು ಮತ್ತು ಕಿರುಬೆರಳುಗಳ ಬುಡದ ಅಂಗಾಲಿಗೆ ಒಂದೊಂದಾಗಿ ಎಳೆ ಬಾಗುವಷ್ಟು ಒತ್ತಿ, "ಈಗ ತಿಳಿಯಿತೇ? ಯಾವ ಕಾಲು?" ಎಂದು ಕೇಳುತ್ತಾರೆ. ನಡುನಡುವೆ ಮುಟ್ಟದೆಯೂ ಕೇಳುತ್ತಾರೆ, ಊಹೆಯಿಂದ ಹೌದು ಎನ್ನುತ್ತಿದ್ದರೆ ಅದೂ ಗೊತ್ತಾಗಲಿ ಎಂದು. ಎಳೆ ಬಾಗಿ ನಿಂತಿದ್ದರೂ ಕಣ್ಣು ಮುಚ್ಚಿದ ಮನುಷ್ಯ "ಇನ್ನೂ ಮುಟ್ಟಿಸಿಲ್ಲವಲ್ಲ" ಎಂದರೆ ಆ ಪಾದಕ್ಕೆ ಕಾವಲು ಇಲ್ಲವೆಂದೇ ಅರ್ಥ. ಪಕ್ಕದಲ್ಲಿ ಕುಳಿತ ಮನೆಯವರು ಇದನ್ನು ಕಣ್ಣಾರೆ ನೋಡಬೇಕೆಂದು ನನ್ನ ಅಭಿಪ್ರಾಯ. ಹತ್ತು ಸಲ ಬುದ್ಧಿ ಹೇಳಿದರೂ ಆಗದ ಮನವರಿಕೆ ಆ ಒಂದು ಕ್ಷಣದಲ್ಲಿ ಆಗುತ್ತದೆ.

ಕಂಪನದ ಅರಿವನ್ನು ತಿಳಿಯಲು 128 ಹರ್ಟ್ಜ್‌ನ ಶ್ರುತಿಕವಲನ್ನು, ಅಂದರೆ ಮೀಟಿದರೆ ಕಂಪಿಸುವ ಲೋಹದ ಕವಲನ್ನು (ಟ್ಯೂನಿಂಗ್ ಫೋರ್ಕ್), ಮೀಟಿ ಕಾಲಿನ ಹೆಬ್ಬೆರಳಿನ ಮೂಳೆಯ ಮೇಲೆ ಇಡುತ್ತಾರೆ. ಕೆಲವು ಕಡೆ ಇದಕ್ಕೆ ಬಯೋಥೀಸಿಯೊಮೀಟರ್ ಎಂಬ ಯಂತ್ರವಿರುತ್ತದೆ. ಅದರ ಕಂಪನವನ್ನು ನಿಧಾನವಾಗಿ ಏರಿಸುತ್ತ ಎಷ್ಟು ವೋಲ್ಟ್‌ನಲ್ಲಿ ಅರಿವಿಗೆ ಬಂತೆಂದು ಬರೆದುಕೊಳ್ಳುತ್ತಾರೆ. 25 ವೋಲ್ಟ್ ದಾಟಿದರೂ ತಿಳಿಯದಿದ್ದರೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಲೆಕ್ಕ. ಇವುಗಳಲ್ಲಿ ಯಾವುದೂ ನೋಯುವುದಿಲ್ಲ.

ನರದಷ್ಟೇ ಮುಖ್ಯವಾದದ್ದು ರಕ್ತ ಸಂಚಾರ. ಪಾದದ ಮೇಲ್ಭಾಗದಲ್ಲಿ ಮತ್ತು ಒಳಗಿನ ಕಣಕಾಲಿನ ಹಿಂದೆ ನಾಡಿ ಹಿಡಿದು ನೋಡುತ್ತಾರೆ. ಅದು ಸಿಗದಿದ್ದರೆ ಜೆಲ್ ಹಚ್ಚಿ ಡಾಪ್ಲರ್ ಎಂಬ ಪುಟ್ಟ ಉಪಕರಣದಿಂದ ರಕ್ತ ಹರಿಯುವ ಸದ್ದನ್ನು ಕೇಳುತ್ತಾರೆ. ತೋಳಿನಲ್ಲಿ ಬಿಪಿ ನೋಡುವ ಹಾಗೆಯೇ ಕಣಕಾಲಿನಲ್ಲೂ ನೋಡಿ ಎರಡರ ಅನುಪಾತ ತೆಗೆಯುವ ಪರೀಕ್ಷೆಯೂ ಇದೆ. ಅದು 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದು ತಿಳಿಯುತ್ತಾರೆ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳದ ಗೋಡೆ ಗಡುಸಾಗಿ ಈ ಅಂಕಿ ಸುಳ್ಳೇ ಹೆಚ್ಚು ತೋರಿಸಬಹುದಾದ್ದರಿಂದ ಕೆಲವೊಮ್ಮೆ ಕಾಲಿನ ಹೆಬ್ಬೆರಳಿನ ರಕ್ತದೊತ್ತಡವನ್ನೂ ಅಳೆಯುತ್ತಾರೆ. ತಂದೆಯವರು ಬೀಡಿ ಸಿಗರೇಟು ಸೇದುತ್ತಿದ್ದರೆ ಇಲ್ಲಿ ಮುಚ್ಚಿಡಬಾರದು.

ಇನ್ನು ಜಡ್ಡಿನ ವಿಷಯ. ಅಂಗಾಲಿನ ಜಡ್ಡು ಸತ್ತ ಚರ್ಮದ ಪದರವಾದ್ದರಿಂದ ಸ್ಕಾಲ್ಪೆಲ್‌ನಿಂದ ಅದನ್ನು ತೆಳ್ಳಗೆ ಹೆರೆದು ತೆಗೆಯುವಾಗ ಸಾಮಾನ್ಯವಾಗಿ ನೋವಾಗುವುದಿಲ್ಲ, ಅರಿವಳಿಕೆಯೂ ಬೇಕಾಗುವುದಿಲ್ಲ. ಕತ್ತರಿಸುತ್ತಾರೆ ಎಂಬ ಹೆದರಿಕೆಗೆ ಕಾರಣವಾಗುವ ಬ್ಲೇಡು ಮೊದಲ ಭೇಟಿಯಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಇದಕ್ಕಷ್ಟೇ. ಜಡ್ಡು ಗಟ್ಟಿಯಾದಷ್ಟೂ ಅದರ ಕೆಳಗಿನ ಮಾಂಸದ ಮೇಲೆ ಒತ್ತಡ ಹೆಚ್ಚುವುದರಿಂದ ಅದನ್ನು ತೆಗೆಯುವುದೇ ಒಂದು ಚಿಕಿತ್ಸೆ. ಹೆರೆಯುತ್ತ ಹೋದಂತೆ ಒಳಪದರದಲ್ಲಿ ಕಂದುಗೆಂಪು ಅಥವಾ ಕಪ್ಪು ಚುಕ್ಕೆಯೊಂದು ಕಂಡರೆ, ಕೆಳಗೆ ರಕ್ತ ಜಿನುಗಿ ಹುಣ್ಣು ಶುರುವಾಗಿದೆ ಎಂದು ತಿಳಿಯುತ್ತದೆ. ಆಗ ತೆಳ್ಳನೆಯ ಲೋಹದ ಕಡ್ಡಿಯಿಂದ ಆಳ ನೋಡುತ್ತಾರೆ, ಮೂಳೆ ತಗುಲುವ ಹಾಗಿದ್ದರೆ ಎಕ್ಸ್‌ರೇ ತೆಗೆಸುತ್ತಾರೆ, ಆ ಜಾಗದ ಮೇಲೆ ಭಾರ ಬೀಳದಂತೆ ವಿಶೇಷ ಪಾದರಕ್ಷೆಯನ್ನೋ ಕಾಲಿಗೆ ಪ್ಲಾಸ್ಟರನ್ನೋ ಹಾಕುತ್ತಾರೆ. ಮೂಳೆ ಮುರಿಯದೆ ಪ್ಲಾಸ್ಟರ್ ಯಾಕೆ ಎಂದು ಅನುಮಾನ ಬೇಡ. ನಡೆಯುವಾಗಿನ ಒತ್ತಡ ತಪ್ಪದೆ ಅಂಗಾಲಿನ ಹುಣ್ಣು ಯಾವ ಮುಲಾಮಿಗೂ ಮಾಯುವುದಿಲ್ಲ.

ಈ ಅರಿವು ಬಹುಪಾಲು ನಮ್ಮ ನೆರೆಯಲ್ಲೇ ಬೆಳೆದದ್ದು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕೈಕಾಲು ಹಾಳಾಗುವುದು ಮಾಂಸ ತಾನಾಗಿ ಕೊಳೆಯುವುದರಿಂದಲ್ಲ, ನೋವಿನ ಅರಿವು ಹೋದ ಮೇಲೆ ಮತ್ತೆ ಮತ್ತೆ ಆಗುವ ಗಾಯಗಳಿಂದ ಎಂದು ತೋರಿಸಿಕೊಟ್ಟರು. ಅಲ್ಲಿ ಕುಷ್ಠರೋಗಿಗಳಿಗೆಂದು ಬಳಕೆಗೆ ಬಂದ ಮೃದು ರಬ್ಬರಿನ ಎಂಸಿಆರ್ ಚಪ್ಪಲಿಯನ್ನೇ ಇಂದು ಸಕ್ಕರೆ ಕಾಯಿಲೆಯವರಿಗೂ ಬರೆದುಕೊಡುತ್ತಾರೆ. ನಿಮ್ಮ ತಂದೆಯವರಿಗೂ ಹೇಳಬಹುದು. ಅಂಥ ಚಪ್ಪಲಿಗೆ ಹಿಮ್ಮಡಿಯ ಹಿಂದೆ ಪಟ್ಟಿ ಇರಲೇಬೇಕು, ಏಕೆಂದರೆ ಸ್ಪರ್ಶ ಕಳೆದುಕೊಂಡ ಕಾಲಿನಿಂದ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದೆ ಬರಿಗಾಲಿನಲ್ಲಿ ನಡೆದುಬಿಡುತ್ತಾರೆ. ಹೆಬ್ಬೆರಳಿನ ಸಂದಿಯಲ್ಲಿ ಪಟ್ಟಿ ಬರುವ ಹವಾಯಿ ಚಪ್ಪಲಿಯನ್ನು ಬಿಡಿಸುತ್ತಾರೆ.

ಮನೆಯೊಳಗೂ ಬರಿಗಾಲಿನಲ್ಲಿ ಓಡಾಡಬೇಡಿ ಎಂಬ ಸಲಹೆ ನಮ್ಮ ಹಿರಿಯರಿಗೆ ಒಗ್ಗುವುದು ಕಷ್ಟ. ಒಳಗೆ ಬಳಸಲೆಂದೇ ಬೇರೆ ಜೋಡು ಇಟ್ಟರೆ ಮನಸ್ಸಿನ ತಡೆ ಕಡಿಮೆಯಾಗುತ್ತದೆ. ದೇವಸ್ಥಾನಕ್ಕೆ ಬಿಸಿಲೇರುವ ಮುಂಚೆ ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿಬರಬಹುದು. ಶ್ರವಣಬೆಳಗೊಳದ ಬೆಟ್ಟವನ್ನು ಕಾಲುಚೀಲದಲ್ಲಿ ಹತ್ತುವವರನ್ನು ನೀವೂ ನೋಡಿರುತ್ತೀರಿ. ಬಿಸಿನೀರಿನಲ್ಲಿ ಕಾಲು ಅದ್ದುವುದು, ಶಾಖ ಕೊಡುವುದು ಬೇಡ. ಔಷಧಿ ಅಂಗಡಿಯಲ್ಲಿ ಸಿಗುವ ಕಾರ್ನ್ ಕ್ಯಾಪ್ ಅಂಟಿಸಲೇಬೇಡಿ, ಅದರಲ್ಲಿರುವ ಆಮ್ಲ ಆಣಿಯ ಜೊತೆಗೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಎಣ್ಣೆಯನ್ನು ಪಾದಕ್ಕೆ ಸವರಿ, ಬೆರಳ ಸಂದಿಗೆ ಬೇಡ.

ಸಕ್ಕರೆ ಕಾಯಿಲೆ ಇಲ್ಲದೆ ಹಿಮ್ಮಡಿ ನೋವು, ಆಣಿ ಅಥವಾ ಉಗುರುಸುತ್ತಿಗೆಂದು ಹೋಗುವವರಿಗೆ ಭೇಟಿ ಇದಕ್ಕಿಂತ ಸರಳ. ನೋವಿರುವ ಕಡೆ ಒತ್ತಿ ನೋಡಿ, ನಡೆಸಿ ನೋಡಿ, ಹೆಚ್ಚಿನವರಿಗೆ ವ್ಯಾಯಾಮ ಮತ್ತು ಪಾದರಕ್ಷೆಯ ಬದಲಾವಣೆ ಹೇಳಿ ಕಳಿಸುತ್ತಾರೆ.

ಮತ್ತೆ ಯಾವಾಗ ಬರಬೇಕೆಂಬುದು ಪರೀಕ್ಷೆಯ ಫಲಿತಾಂಶದ ಮೇಲೆ ನಿಲ್ಲುತ್ತದೆ. ನರವೂ ರಕ್ತ ಸಂಚಾರವೂ ಚೆನ್ನಾಗಿದ್ದರೆ ವರ್ಷಕ್ಕೊಮ್ಮೆ ಸಾಕು, ಸ್ಪರ್ಶ ಮಾತ್ರ ಕಡಿಮೆಯಾಗಿದ್ದರೆ 6ರಿಂದ 12 ತಿಂಗಳಿಗೊಮ್ಮೆ, ಅದರ ಜೊತೆಗೆ ಪಾದದ ಆಕಾರವೋ ರಕ್ತ ಸಂಚಾರವೋ ಕೆಟ್ಟಿದ್ದರೆ 3ರಿಂದ 6 ತಿಂಗಳಿಗೊಮ್ಮೆ, ಹಿಂದೆ ಹುಣ್ಣಾಗಿದ್ದವರು 1ರಿಂದ 3 ತಿಂಗಳಿಗೊಮ್ಮೆ ಬರಬೇಕಾಗುತ್ತದೆ. ಆದರೆ ಹೊಸ ಗಾಯ, ಊತ, ಕೀವು, ಬಣ್ಣ ಬದಲಾದ ಬೆರಳು ಅಥವಾ ಜ್ವರದೊಂದಿಗೆ ಕೆಂಪಾದ ಕಾಲು ಕಂಡರೆ ಕೊಟ್ಟ ದಿನಾಂಕಕ್ಕೆ ಕಾಯದೆ ಅಂದೇ ಹೊರಡಿ.

ಇಷ್ಟಾದರೂ ತಂದೆಯವರು ಒಪ್ಪದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಪಿಸಿದ ಕ್ರಮ ಇದು. ಅವರನ್ನು ಮಲಗಿಸಿ ಕಣ್ಣು ಮುಚ್ಚಲು ಹೇಳಿ, ನಿಮ್ಮ ತೋರುಬೆರಳಿನ ತುದಿಯಿಂದ ಎರಡೂ ಕಾಲುಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒತ್ತದೆ, ಸವರದೆ, ಒಂದೆರಡು ಸೆಕೆಂಡು ಮಾತ್ರ ಹಗುರವಾಗಿ ಮುಟ್ಟಿ, ಎಡವೋ ಬಲವೋ ಎಂದು ಕೇಳಿ. ಈ ಆರು ಜಾಗಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ಅವರಿಗೆ ತಿಳಿಯದಿದ್ದರೆ ಸ್ಪರ್ಶ ಕುಂದಿರುವ ಸಂಭವ ಹೆಚ್ಚು. ಫಲಿತಾಂಶವನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು, ಅವರಿಗೂ ತೋರಿಸಿ, ಆ ವಾರದಲ್ಲೇ ಕರೆದುಕೊಂಡು ಹೋಗಿ. ಆರೂ ಕಡೆ ಸರಿಯಾಗಿ ಹೇಳಿದರೂ, ಜಡ್ಡು ಮತ್ತು ಜೋಮು ಎರಡೂ ಇರುವುದರಿಂದ, ವೈದ್ಯರು ಹೇಳಿದ ಭೇಟಿಯನ್ನು ಕೈಬಿಡಬೇಡಿ.