ಟೂರ್ ಡಿ ಫ್ರಾನ್ಸ್ ಬೆಟ್ಟ ಹತ್ತಿದ ಕಥೆ

ದಾವಣಗೆರೆಯ ಬಯಲು ರಸ್ತೆಯಲ್ಲಿ ಸೈಕಲ್ ತುಳಿಯೋರು ಗುಂಪಾಗಿ ಹೋಗಬಹುದು. ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಅವನೇ ಗಾಳಿ ತಡೀತಾನೆ, ಹಿಂದಿನವನಿಗೆ ಸುಸ್ತು ಕಡಿಮೆ. ಅದೇ ಗುಂಪನ್ನು ಚಿತ್ರದುರ್ಗಕ್ಕೆ ಕರೆತಂದು ಜೋಗಿಮಟ್ಟಿ ಹತ್ತಿಸಿ ನೋಡಿ. ಆಡುಮಲ್ಲೇಶ್ವರ ದಾಟಿ ಏರು ಜಾಸ್ತಿಯಾದಂತೆ ಗುಂಪು ಚೆಲ್ಲಾಪಿಲ್ಲಿ. ವೇಗ ಇಳಿದ ಮೇಲೆ ಗಾಳಿಯ ಮರೆಯಿಂದ ಅಷ್ಟೇನೂ ಲಾಭವಿಲ್ಲ. ಅವರವರ ಮೈಭಾರ ಅವರವರಿಗೆ. ಫ್ರಾನ್ಸಿನಲ್ಲಿ ಹಲವು ದಿನ ನಡೆಯುವ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ಗೆಲ್ಲೋದು ಯಾರು ಅನ್ನೋದು ಹೆಚ್ಚಾಗಿ ಬೆಟ್ಟದಲ್ಲೇ ತೀರ್ಮಾನವಾಗೋದು ಇದಕ್ಕೇ.

ಆದರೆ ರೇಸ್ ಹುಟ್ಟಿದ್ದು ಬೆಟ್ಟಕ್ಕಾಗಿ ಅಲ್ಲ, ಪೇಪರ್ ಮಾರೋದಕ್ಕೆ. 1903ರಲ್ಲಿ ‘ಲೋಟೊ’ ಪತ್ರಿಕೆಯ ಹೆನ್ರಿ ಡೆಗ್ರಾಂಜ್ ಇದನ್ನು ಶುರುಮಾಡಿದಾಗ ಇದ್ದದ್ದು ಬರೀ 6 ಹಂತ, ಅಂದರೆ ಒಂದೂರಿಂದ ಇನ್ನೊಂದೂರಿಗೆ ಆರು ಓಟ. ದೊಡ್ಡ ದೊಡ್ಡ ಊರುಗಳನ್ನು ಮುಟ್ಟಿಬಂದರೆ ಸಾಕಿತ್ತು. ಪೈರಿನೀಸ್ ಪರ್ವತಕ್ಕೆ ಹೋಗೋಣ ಅಂತ ಹಟ ಹಿಡಿದವನು ಅವನ ಸಹೋದ್ಯೋಗಿ ಆಲ್ಫೋನ್ಸ್ ಸ್ಟೈನೆಸ್. 1910ರಲ್ಲಿ ರೇಸ್‌ಗೆ ಮೊದಲೇ ರಸ್ತೆ ನೋಡಲು ಹೊರಟ. 2,115 ಮೀಟರ್ ಎತ್ತರದ ಟೂರ್ಮಲೆ ಕಣಿವೆದಾರಿಯಲ್ಲಿ ಕಾರು ಹಿಮದಲ್ಲಿ ಸಿಕ್ಕಿಕೊಂಡಿತು. ರಾತ್ರಿ ಒಬ್ಬನೇ ನಡೆದು, ಜಾರಿ ಬಿದ್ದು, ಹೇಗೋ ಆಚೆಯ ಊರು ಸೇರಿದ. ಬೆಳಗ್ಗೆ ಡೆಗ್ರಾಂಜ್‌ಗೆ ಕಳಿಸಿದ ತಂತಿಯಲ್ಲಿ ರಸ್ತೆ ತುಂಬಾ ಚೆನ್ನಾಗಿದೆ ಅಂತ ಬರೆದ! ಇಂಥ ಸುಳ್ಳಿಗೂ ಗಂಡೆದೆ ಬೇಕು.

ಅದೇ ವರ್ಷದ ಜುಲೈನಲ್ಲಿ ರೇಸ್ ಆ ಬೆಟ್ಟಗಳ ಮೇಲೇ ಹೋಯಿತು: ಲುಶೋನ್‌ನಿಂದ ಬಯೋನ್‌ವರೆಗೆ 326 ಕಿ.ಮೀ., ಒಂದೇ ದಿನ. ಚಿತ್ರದುರ್ಗದಿಂದ ಬೆಂಗಳೂರಿಗೇ ಸುಮಾರು 200 ಕಿ.ಮೀ. ಅನ್ನೋದು ನೆನಪಿರಲಿ. ಮಣ್ಣುದಾರಿ, ಭಾರದ ಸೈಕಲ್. ಆಗಿನ ರೇಸ್ ಸೈಕಲ್‌ನಲ್ಲಿ ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಅಳತೆಯ ಹಲ್ಲುಚಕ್ರ ಇರುತ್ತಿತ್ತು. ಏರು ಬಂದರೆ ಇಳಿದು, ನಟ್ ಸಡಿಲಿಸಿ, ಚಕ್ರವನ್ನೇ ತಿರುಗಿಸಿ ಹಾಕಬೇಕು. ಈಗಿನಂಥ ಗೇರ್‌ಗೆ ಟೂರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಒಕ್ತಾವ್ ಲಾಪಿಜ್ ಅನ್ನೋ ಸ್ಪರ್ಧಿ ಅಲ್ಲಲ್ಲಿ ಸೈಕಲ್ ತಳ್ಳಿಕೊಂಡೇ ಹತ್ತಿ, ಆಯೋಜಕರ ಮುಖಕ್ಕೇ ‘ಕೊಲೆಗಡುಕರು’ ಅಂತ ಬೈದ. ಬೈದವನೇ ಆ ಹಂತವನ್ನೂ ಗೆದ್ದ, ಆ ವರ್ಷದ ಟೂರನ್ನೂ ಗೆದ್ದ.

ಮರುವರ್ಷ ಆಲ್ಪ್ಸ್ ಪರ್ವತದ ಗಾಲಿಬಿಯೆ ಕಣಿವೆದಾರಿಯೂ ಸೇರಿಕೊಂಡಿತು. ಆದರೂ ಬಹುಕಾಲ ಬೆಟ್ಟ ಹತ್ತಿ, ಇಳಿದು, ಕೆಳಗಿನ ಊರಲ್ಲೇ ಓಟ ಮುಗಿಸುತ್ತಿದ್ದರು. ಹಿಂದೆ ಬಿದ್ದವನು ಇಳಿಜಾರಲ್ಲಿ ಮತ್ತೆ ಸೇರಿಕೊಳ್ಳಬಹುದಿತ್ತು. ಬೆಟ್ಟದ ಮೇಲೇ ಮುಗಿಸುವ ರೂಢಿ ಬಂದದ್ದು 1952ರಲ್ಲಿ. 21 ತಿರುವುಗಳ ಆಲ್ಪ್ ದ್ಯುಯೆಜ್ ಸೇರಿ ಆ ವರ್ಷದ ಮೂರೂ ತುದಿಗಳಲ್ಲಿ ಇಟಲಿಯ ಫಾಸ್ಟೊ ಕಾಪಿಯೇ ಮೊದಲಿಗ.

ಹಂತ ಶುರುವಾಗುವ, ಮುಗಿಯುವ ಊರುಗಳು ಈಗ ಆಯೋಜಕರಿಗೆ ದುಡ್ಡು ಕಟ್ಟುತ್ತವೆ. ಮೇಲೆ ಸ್ಕೀಯಿಂಗ್ ಹೋಟೆಲ್‌ಗಳಿದ್ದರೆ ಅವಕ್ಕೆ ಇದಕ್ಕಿಂತ ಒಳ್ಳೆ ಜಾಹೀರಾತು ಬೇಕಾ? ಹೊಸ ಮಾರ್ಗದ ನಕ್ಷೆ ಬಂದಾಗ ಬೆಟ್ಟದ ಎತ್ತರದ ಜೊತೆ ಇದನ್ನೂ ಒಮ್ಮೆ ನೋಡಬೇಕು, ಅಲ್ವಾ?