ಶಾಂತಿ ಪ್ರಶಸ್ತಿಯ ಆಯ್ಕೆಯನ್ನು ಪ್ರಶ್ನಿಸುವಾಗ ಹಿಡಿಯಬೇಕಾದ ಅಳತೆಗೋಲು

ದಾವಣಗೆರೆಯಲ್ಲಿ ಭಾನುವಾರಗಳಂದು ಸೇರುವ ನಮ್ಮ ಓದುಗುಂಪಿನಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿಯ ಆಯ್ಕೆಗಳನ್ನು ವಿಮರ್ಶಿಸಿರಿ ಎಂಬ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಬಹುಪಾಲು, ನನ್ನದೂ ಸೇರಿದಂತೆ, 'ಇವರು ಅರ್ಹರಲ್ಲ' ಎಂಬ ತೀರ್ಪಿನಿಂದಲೇ ಆರಂಭವಾಗಿದ್ದವು. ಯಾವ ಅಳತೆಗೋಲಿನಿಂದ ಎಂಬುದನ್ನು ಒಬ್ಬರೂ ಬರೆದಿರಲಿಲ್ಲ.

ಆ ಅಳತೆಗೋಲು ಆಲ್ಫ್ರೆಡ್ ನೊಬೆಲ್ 1895ರಲ್ಲಿ ಬರೆದ ಉಯಿಲಿನಲ್ಲಿಯೇ ಇದೆ: ಹಿಂದಿನ ವರ್ಷದಲ್ಲಿ ರಾಷ್ಟ್ರಗಳ ಸೋದರಭಾವಕ್ಕೆ, ಸೈನ್ಯಗಳ ಕಡಿತಕ್ಕೆ, ಶಾಂತಿ ಸಮ್ಮೇಳನಗಳಿಗೆ ಅತ್ಯುತ್ತಮವಾಗಿ ದುಡಿದವರಿಗೆ ಬಹುಮಾನ ಸಲ್ಲಬೇಕು. ಆಯ್ಕೆ ಮಾಡುವುದು ನಾರ್ವೆಯ ಸಂಸತ್ತು ನೇಮಿಸುವ ಐವರ ಸಮಿತಿ. ಅದರ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ.

ಇಲ್ಲಿ 'ಹಿಂದಿನ ವರ್ಷ' ಎಂಬ ಮಾತೇ ಮುಖ್ಯ. 2009ರ ಪ್ರಶಸ್ತಿ ಪಡೆದ ಬರಾಕ್ ಒಬಾಮಾ ಅಮೆರಿಕದ ಅಧ್ಯಕ್ಷರಾಗಿ ಅಧಿಕಾರ ಸ್ವೀಕರಿಸಿದ್ದು ಅದೇ ವರ್ಷದ ಜನವರಿ 20ರಂದು; ನಾಮನಿರ್ದೇಶನದ ಗಡುವು ಫೆಬ್ರವರಿ 1ಕ್ಕೆ ಮುಗಿಯಿತು. ಸಾಧನೆಗಲ್ಲ, ಭರವಸೆಗೆ ಕೊಟ್ಟ ಬಹುಮಾನವಿದು ಎಂಬ ಆಕ್ಷೇಪವನ್ನು ಉಯಿಲಿನ ಪದಗಳೇ ಎತ್ತಿ ಹಿಡಿಯುತ್ತವೆ. ಅದೇ ವರ್ಷದ ಡಿಸೆಂಬರ್ 1ರಂದು ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳುಹಿಸುವುದಾಗಿ ಘೋಷಿಸಿದ ಅವರು, 10ರಂದು ಓಸ್ಲೋದಲ್ಲಿ ಪ್ರಶಸ್ತಿ ಸ್ವೀಕರಿಸಿದರು.

1973ರ ಆಯ್ಕೆ ಇದಕ್ಕಿಂತ ಗಂಭೀರವಾದುದು. ಪ್ಯಾರಿಸ್‌ನಲ್ಲಿ ಕದನವಿರಾಮದ ಒಪ್ಪಂದವಾಗಿದ್ದರೂ ವಿಯೆಟ್ನಾಮಿನಲ್ಲಿ ಕಾಳಗ ನಿಂತಿರಲಿಲ್ಲ. ಅಮೆರಿಕದ ಸಂಧಾನಕಾರ ಹೆನ್ರಿ ಕಿಸಿಂಜರ್ ಜತೆ ಆಯ್ಕೆಯಾದ ಉತ್ತರ ವಿಯೆಟ್ನಾಮಿನ ಸಂಧಾನಕಾರ ಲೆ ಡುಕ್ ಥೋ ಶಾಂತಿ ಇನ್ನೂ ನೆಲೆಸಿಲ್ಲವೆಂದು ಪ್ರಶಸ್ತಿಯನ್ನೇ ನಿರಾಕರಿಸಿದರು, ಸಮಿತಿಯ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ಘೋಷಣೆಯ ದಿನವೇ ಕಣ್ಣೆದುರಿದ್ದ ಸಂಗತಿಗಳಿಂದ ಈ ಆಯ್ಕೆ ಬೀಳುತ್ತದೆ.

ಇಥಿಯೋಪಿಯಾದ ಅಬಿಯ್ ಅಹಮದ್ ಅವರದ್ದು ಬೇರೆಯೇ ಬಗೆ. ಪ್ರಧಾನಿಯಾಗಿ ನೆರೆಯ ಎರಿಟ್ರಿಯಾದೊಂದಿಗೆ ಮಾಡಿಕೊಂಡ ರಾಜಿಗಾಗಿ 2019ರಲ್ಲಿ ಪ್ರಶಸ್ತಿ ಸಂದಿತು. ಇಥಿಯೋಪಿಯಾದೊಳಗಿನ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ ಆರಂಭವಾದದ್ದು 2020ರ ನವೆಂಬರಿನಲ್ಲಿ. ಮೆಕ್ಕೆಜೋಳ ಬೆಳೆಯುವ ನಮ್ಮ ಹಿರಿಯ ಸದಸ್ಯರೊಬ್ಬರು, ಮಳೆ ಕೈಕೊಟ್ಟರೆ ಬಿತ್ತನೆ ಬೀಜವನ್ನು ದೂರಬಾರದು ಎಂದರು. ಹೋಲಿಕೆಯನ್ನು ನಾನು ಪೂರ್ತಿ ಒಪ್ಪಲಿಲ್ಲ, ಏಕೆಂದರೆ ಇಲ್ಲಿ ಯುದ್ಧದ ಆದೇಶ ಕೊಟ್ಟವರೇ ಪುರಸ್ಕೃತರು. ಆದರೂ ಆಯ್ಕೆಯ ತಪ್ಪನ್ನೂ ಆಯ್ಕೆಯಾದವರ ಮುಂದಿನ ನಡೆಯನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದರೆ ಉತ್ತರ ಸಡಿಲವಾಗುತ್ತದೆ.

ಕೊಡದೆ ಹೋದದ್ದನ್ನೂ ಆಯ್ಕೆಯೆಂದೇ ಪರಿಗಣಿಸಬೇಕು. ಐದು ಬಾರಿ ನಾಮನಿರ್ದೇಶನಗೊಂಡ ಗಾಂಧೀಜಿ 1948ರ ಜನವರಿ 30ರಂದು ಹತ್ಯೆಯಾದರು. ಬದುಕಿರುವ ಸೂಕ್ತ ಅಭ್ಯರ್ಥಿ ಇಲ್ಲವೆಂದು ಸಮಿತಿ ಆ ವರ್ಷ ಯಾರಿಗೂ ಪ್ರಶಸ್ತಿ ಕೊಡಲಿಲ್ಲ. ಆದರೆ 1961ರಲ್ಲಿ, ವಿಮಾನ ಅಪಘಾತದಲ್ಲಿ ಮಡಿದ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಅವರಿಗೆ ಅದೇ ಪ್ರಶಸ್ತಿ ಮರಣೋತ್ತರವಾಗಿ ಸಂದಿತು.