ಗೆಲ್ಲುತ್ತಿರುವ ತಂಡದ ಬೆನ್ನೆಲುಬನ್ನು ಮುಟ್ಟಬೇಕೆ?

2018ರ ಜುಲೈ 18ರಂದು ಉತ್ತರ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಟೊರಾಂಟೊ ರಾಪ್ಟರ್ಸ್ ತಂಡ ಡಿಮಾರ್ ಡಿರೋಜನ್ ಅವರನ್ನು ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಬಿಟ್ಟುಕೊಟ್ಟು ಕವಾಯ್ ಲೆನಾರ್ಡ್ ಅವರನ್ನು ಪಡೆದುಕೊಂಡ ಸುದ್ದಿ ಬಂದಾಗ, ಬೆಂಗಳೂರಿನಲ್ಲಿ ನನ್ನ ಬಳಿ ಅಭ್ಯಾಸಕ್ಕೆ ಬರುತ್ತಿದ್ದ ಹುಡುಗರಿಗೆ ಅದು ಅರಗಲಿಲ್ಲ. ಆಗಷ್ಟೇ ಮುಗಿದ ಋತುವಿನ 82 ಪಂದ್ಯಗಳಲ್ಲಿ 59ನ್ನು ಗೆದ್ದು ಪೂರ್ವ ವಿಭಾಗದ ಅಗ್ರಸ್ಥಾನ ಪಡೆದಿದ್ದ ತಂಡವದು. ಡಿರೋಜನ್ ಒಂಬತ್ತು ವರ್ಷ ಅದೇ ಜೆರ್ಸಿ ತೊಟ್ಟು, ತಂಡದ ಇತಿಹಾಸದಲ್ಲಿಯೇ ಅತಿ ಹೆಚ್ಚು ಅಂಕ ಗಳಿಸಿದ್ದವರು. ಬದಲಿಗೆ ಬರುತ್ತಿದ್ದ ಲೆನಾರ್ಡ್ ತೊಡೆಯ ಸ್ನಾಯುವಿನ ತೊಂದರೆಯಿಂದ ಹಿಂದಿನ ಋತುವಿನಲ್ಲಿ ಕೇವಲ ಒಂಬತ್ತು ಪಂದ್ಯ ಆಡಿದ್ದರು, ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ ಹೊರಟುಹೋಗುವ ಅವಕಾಶ ಅವರ ಒಪ್ಪಂದದಲ್ಲಿತ್ತು. "ಗೆಲ್ಲೋ ಟೀಮನ್ನ ಯಾಕೆ ಒಡೀತಾರೆ ಸರ್?" ಎಂದು ಹುಡುಗರು ಕೇಳಿದ ಪ್ರಶ್ನೆಗೆ ಅಂದು ಅಂಗಳದಲ್ಲಿ ನಿಂತು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತರಬೇತುದಾರನಾಗಿ ನಾನು ತಂಡವೊಂದನ್ನು ಅಳೆಯುವಾಗ ಗೆಲುವಿನ ಸಂಖ್ಯೆಗಿಂತ ಸೋಲಿನ ರೀತಿಯನ್ನು ಹೆಚ್ಚು ನೋಡುತ್ತೇನೆ. ಲೀಗ್ ಹಂತದಲ್ಲಿ ಎದುರಾಳಿಗಳಿಗೆ ಒಂದು ತಂಡಕ್ಕಾಗಿಯೇ ಸಿದ್ಧವಾಗಲು ಸಮಯವಿರುವುದಿಲ್ಲ. ಲೀಗ್ ಮುಗಿದ ಮೇಲೆ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್‌ನಲ್ಲಿ ಅದೇ ಎದುರಾಳಿ ಏಳು ಪಂದ್ಯಗಳವರೆಗೆ ಎದುರಿಗೆ ನಿಂತು, ನಮ್ಮ ಆಟದ ದುರ್ಬಲ ಜಾಗವನ್ನು ಹುಡುಕಿ ಅಲ್ಲಿಗೇ ಪೆಟ್ಟು ಕೊಡುತ್ತಾನೆ. ಟೊರಾಂಟೊ 2016, 2017, 2018 ಹೀಗೆ ಸತತ ಮೂರು ವರ್ಷ ಕ್ಲೀವ್‌ಲ್ಯಾಂಡ್‌ಗೆ ಸೋತಿತ್ತು, ಕೊನೆಯ ಎರಡು ಬಾರಿ ಒಂದು ಪಂದ್ಯವನ್ನೂ ಗೆಲ್ಲದೆ. ಡಿರೋಜನ್ ಅವರ ನಿಜವಾದ ಬಲವಿದ್ದದ್ದು ಮೂರು ಅಂಕದ ಗೆರೆಯ ಒಳಗೆ, ಮಧ್ಯದ ದೂರದಿಂದ ಎಸೆಯುವುದರಲ್ಲಿ. ಎದುರಾಳಿಗಳು ಒಳಗಿನ ಜಾಗವನ್ನು ಮುಚ್ಚಿದಾಗ ಅವರ ಆಟ ಕಿರಿದಾಗುತ್ತಿತ್ತು, ರಕ್ಷಣೆಯಲ್ಲಿ ಕ್ಲೀವ್‌ಲ್ಯಾಂಡ್‌ನ ತಾರೆ ಲೆಬ್ರಾನ್ ಜೇಮ್ಸ್ ಅವರಂಥವರನ್ನು ತಡೆಯುವ ಮೈಕಟ್ಟು ಅವರದ್ದಾಗಿರಲಿಲ್ಲ. 2018ರ ಸರಣಿಯ ಮೂರನೆಯ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ, ತಂಡ ಹಿಂದಿನಿಂದ ಬಂದು ಸಮ ಮಾಡಿಕೊಳ್ಳುತ್ತಿದ್ದಾಗ, ತಂಡದ ಅತಿ ದೊಡ್ಡ ತಾರೆ ಡಿರೋಜನ್ ಬೆಂಚಿನ ಮೇಲೆ ಕುಳಿತಿದ್ದರು. ಯಾರನ್ನು ಮುಟ್ಟಬೇಕೆಂಬುದನ್ನು ಆ ದೃಶ್ಯವೇ ಹೇಳುತ್ತಿತ್ತು ಎಂದು ನನ್ನ ಅನಿಸಿಕೆ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಡಿರೋಜನ್ ವಿನಿಮಯಕ್ಕೆ ಎರಡು ವಾರ ಮೊದಲೇ ಲೆಬ್ರಾನ್ ಕ್ಲೀವ್‌ಲ್ಯಾಂಡ್ ಬಿಟ್ಟು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಹೋಗುವುದು ಖಚಿತವಾಗಿತ್ತು. ದಾರಿಯ ಬಂಡೆ ತಾನಾಗಿ ಸರಿದಿತ್ತು. ಇದೇ ತಂಡವನ್ನು ಇಟ್ಟುಕೊಂಡು ಮುಂದಿನ ವರ್ಷ ನೋಡೋಣ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ. ತಂಡದ ಅಧ್ಯಕ್ಷ ಮಸಾಯ್ ಉಜಿರಿ ಆ ನೆಪವನ್ನು ಬಳಸಲಿಲ್ಲ. ತಮ್ಮ ತಂಡದ ಮಿತಿ ಒಬ್ಬ ಎದುರಾಳಿಯಿಂದ ಬಂದದ್ದಲ್ಲ, ತಂಡದೊಳಗೇ ಇರುವಂಥದ್ದು ಎಂದು ಅವರು ಓದಿದ್ದರು. ಆದರೆ ಅವರು ಎಲ್ಲವನ್ನೂ ಕಿತ್ತುಹಾಕಲಿಲ್ಲ ಎಂಬುದನ್ನೂ ನೋಡಬೇಕು. ಆಟವನ್ನು ಕಟ್ಟುತ್ತಿದ್ದ ಪಾಯಿಂಟ್ ಗಾರ್ಡ್ ಕೈಲ್ ಲೌರಿ ಉಳಿದರು, ಪಾಸ್ಕಲ್ ಸಿಯಾಕಮ್ ಮತ್ತು ಫ್ರೆಡ್ ವ್ಯಾನ್‌ವ್ಲೀಟ್ ಅವರಂಥ ಕಿರಿಯರು ಉಳಿದರು. ಲೆನಾರ್ಡ್ ಜೊತೆಗೆ ಡ್ಯಾನಿ ಗ್ರೀನ್ ಬಂದರು, 2019ರ ಫೆಬ್ರವರಿಯಲ್ಲಿ ಮಾರ್ಕ್ ಗ್ಯಾಸೋಲ್ ಸೇರಿದರು. ಜೂನ್‌ನಲ್ಲಿ ಗೋಲ್ಡನ್ ಸ್ಟೇಟ್ ತಂಡವನ್ನು 4-2ರಿಂದ ಸೋಲಿಸಿ ಟೊರಾಂಟೊ ಮೊದಲ ಬಾರಿಗೆ ಚಾಂಪಿಯನ್ ಆಯಿತು.

ಹಾಗಿದ್ದರೆ ಪದೇ ಪದೇ ಸೋಲುವ ಒಳ್ಳೆಯ ತಂಡವೆಲ್ಲ ಹೀಗೆಯೇ ಮಾಡಲಿ ಎನ್ನುವವರು ಡೆಟ್ರಾಯಿಟ್ ಪಿಸ್ಟನ್ಸ್ ಕಥೆಯನ್ನು ಓದಬೇಕು. 2003ರಿಂದ 2008ರವರೆಗೆ ಸತತ ಆರು ವರ್ಷ ಪೂರ್ವ ವಿಭಾಗದ ಫೈನಲ್ ತಲುಪಿ, 2004ರಲ್ಲಿ ಪ್ರಶಸ್ತಿಯನ್ನೂ ಗೆದ್ದ ತಂಡವದು. ಕೊನೆಯ ಮೂರು ವರ್ಷ ಆ ಹಂತದಲ್ಲಿಯೇ ಎಡವಿತು, ಮಯಾಮಿ, ಕ್ಲೀವ್‌ಲ್ಯಾಂಡ್, ಬಾಸ್ಟನ್ ಹೀಗೆ ಪ್ರತಿ ಬಾರಿ ಬೇರೆ ತಂಡದೆದುರು. 2008ರ ನವೆಂಬರ್‌ನಲ್ಲಿ ಡೆಟ್ರಾಯಿಟ್ ತನ್ನ ಪಾಯಿಂಟ್ ಗಾರ್ಡ್ ಚಾನ್ಸಿ ಬಿಲಪ್ಸ್ ಅವರನ್ನು ಡೆನ್ವರ್‌ಗೆ ಕೊಟ್ಟು ಆಲನ್ ಐವರ್ಸನ್ ಅವರನ್ನು ತಂದಿತು. ಹೆಸರಿನ ಲೆಕ್ಕದಲ್ಲಿ ಅದು ಲಾಭವೇ. ಆದರೆ ಬಿಲಪ್ಸ್ ಇತರ ನಾಲ್ವರಿಗೆ ಚೆಂಡು ಯಾವಾಗ, ಎಲ್ಲಿ ಸಿಗಬೇಕೆಂದು ನಿರ್ಧರಿಸುತ್ತಿದ್ದವರು. ಐವರ್ಸನ್ ಚೆಂಡನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಂಡು ಆಡುತ್ತಾ ಬೆಳೆದವರು, ಆಗ ಅವರಿಗೆ 33 ವರ್ಷ. ಆ ಋತುವಿನಲ್ಲಿ ಡೆಟ್ರಾಯಿಟ್ 39 ಗೆದ್ದು 43 ಸೋತಿತು, ಬಿಲಪ್ಸ್ ಸೇರಿದ ಡೆನ್ವರ್ ಪಶ್ಚಿಮ ವಿಭಾಗದ ಫೈನಲ್‌ವರೆಗೆ ಹೋಯಿತು.

ಈ ವಿಷಯದಲ್ಲಿ ನನಗೂ ಒಮ್ಮೆ ಬಿಸಿ ಮುಟ್ಟಿದೆ. ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಕ್ಲಬ್ ತಂಡದಲ್ಲಿ ಬುಟ್ಟಿಯ ಬಳಿ ಆಡುವ ಎತ್ತರದ ಹೊಸ ಸೆಂಟರ್ ಸಿಕ್ಕರೆಂದು ಹಳಬರನ್ನು ಬೆಂಚಿಗೆ ಕಳಿಸಿದೆ. ಹಳಬರು ಸ್ಕ್ರೀನ್ ಹಾಕಿ, ಅಂದರೆ ಎದುರಾಳಿಗೆ ಅಡ್ಡ ನಿಂತು, ಯಾವ ಕಡೆ ತಿರುಗುತ್ತಾರೆಂದು ನಮ್ಮ ಗಾರ್ಡ್‌ಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಹೊಸಬರೊಂದಿಗೆ ಎರಡು ತಿಂಗಳು ಪಾಸುಗಳು ಗೆರೆಯಾಚೆ ಹೋಗುತ್ತಲೇ ಇದ್ದವು. ಅಂಥ ಹೊಂದಾಣಿಕೆ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಒಬ್ಬರು ಹೋದ ಮೇಲೆಯೇ ಅದರ ಬೆಲೆ ತಿಳಿಯುತ್ತದೆ.

ಎನ್‌ಬಿಎಯಲ್ಲಿ ಇದರ ಮೇಲೆ ಹಣದ ನಿಯಮಗಳೂ ಸೇರಿಕೊಂಡಿವೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಸಾಮೂಹಿಕ ಒಪ್ಪಂದ, ತಂಡವೊಂದರ ಒಟ್ಟು ವೇತನ ವೆಚ್ಚಕ್ಕೆ 'ಎರಡನೇ ಏಪ್ರನ್' ಎಂಬ ಗೆರೆಯೊಂದನ್ನು ಎಳೆಯಿತು. 2024-25ರ ಋತುವಿಗೆ ಅದು ಸುಮಾರು 18.9 ಕೋಟಿ ಡಾಲರ್ ಆಗಿತ್ತು. ಅದನ್ನು ದಾಟಿದ ತಂಡ ಭಾರಿ ತೆರಿಗೆ ಕಟ್ಟುವುದಷ್ಟೇ ಅಲ್ಲ, ಇಬ್ಬರು ಆಟಗಾರರ ವೇತನ ಒಟ್ಟುಗೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತಿಲ್ಲ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನೂ (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ) ವಿನಿಮಯ ಮಾಡುವಂತಿಲ್ಲ. 2024ರಲ್ಲಿ ಪ್ರಶಸ್ತಿ ಗೆದ್ದ ಬಾಸ್ಟನ್, ಮರುವರ್ಷ ಜೇಸನ್ ಟೇಟಮ್ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿದ ಮೇಲೆ, ಡ್ರೂ ಹಾಲಿಡೇ ಮತ್ತು ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಇಬ್ಬರನ್ನೂ ಕಳಿಸಿದ್ದರಲ್ಲಿ ಆಟದ ವಿಶ್ಲೇಷಣೆಗಿಂತ ಈ ಲೆಕ್ಕದ ಪಾಲೇ ದೊಡ್ಡದು. ಅದನ್ನು ತಪ್ಪೆನ್ನಲಾರೆ. ಟೇಟಮ್, ಜೇಲನ್ ಬ್ರೌನ್, ಡೆರಿಕ್ ವೈಟ್ ಉಳಿದರಲ್ಲ.

ನಾನು ತಪ್ಪೆನ್ನುವುದು ವಯಸ್ಸನ್ನು ಮರೆತ ವಿನಿಮಯಗಳನ್ನು. 2012ರ ಫೈನಲ್ ಆಡಿದ ಒಕ್ಲಹೋಮಾ ಸಿಟಿ, ಒಪ್ಪಂದ ವಿಸ್ತರಣೆಯ ಮೊತ್ತದಲ್ಲಿ ಒಮ್ಮತ ಬಾರದೆ, 23 ವರ್ಷದ ಜೇಮ್ಸ್ ಹಾರ್ಡನ್ ಅವರನ್ನು ಅದೇ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್‌ಗೆ ಕಳಿಸಿತು. ಅವರು 2018ರಲ್ಲಿ ಲೀಗಿನ ಅತ್ಯುತ್ತಮ ಆಟಗಾರರಾದರು. 2024ರ ಫೈನಲ್ ಆಡಿದ ಡಲ್ಲಾಸ್ 2025ರ ಫೆಬ್ರವರಿಯಲ್ಲಿ 25 ವರ್ಷದ ಲೂಕಾ ಡಾನ್ಚಿಚ್ ಅವರನ್ನು ಕೊಟ್ಟು 31 ವರ್ಷದ ಆಂಥನಿ ಡೇವಿಸ್ ಅವರನ್ನು ತಂದಿತು. ಡೇವಿಸ್ ಮೊದಲ ಪಂದ್ಯದಲ್ಲಿಯೇ ಗಾಯಗೊಂಡರು, ತಂಡ ಪ್ಲೇಆಫ್ ತಲುಪಲಿಲ್ಲ. ಗೆಲುವು 39, ಸೋಲು 43: ಐವರ್ಸನ್ ಇದ್ದ ಡೆಟ್ರಾಯಿಟ್‌ನ ಅದೇ ಅಂಕಿ. ನಂತರ ಡ್ರಾಫ್ಟ್‌ನ ಸರದಿಯನ್ನು ನಿರ್ಧರಿಸುವ, ಅವರಿಗೆ ಕೇವಲ 1.8 ಶೇಕಡ ಅವಕಾಶವಿದ್ದ ಲಾಟರಿಯಲ್ಲಿ ಮೊದಲ ಡ್ರಾಫ್ಟ್ ಹಕ್ಕು ಡಲ್ಲಾಸ್‌ಗೇ ಬಂದದ್ದು ಅದೃಷ್ಟ. ಅದನ್ನು ಯೋಜನೆಯ ಖಾತೆಗೆ ಸೇರಿಸಲಾಗದು.

ಟೊರಾಂಟೊದ ನಿರ್ಧಾರಕ್ಕೂ ಬೆಲೆ ತೆರಬೇಕಾಯಿತು. ತಮ್ಮನ್ನು ಕಳಿಸುವುದಿಲ್ಲವೆಂದು ನಂಬಿದ್ದ ಡಿರೋಜನ್ ನೊಂದರು, ಉಜಿರಿ ಬಹಿರಂಗವಾಗಿ ಕ್ಷಮೆ ಕೇಳಿದರು; ಪ್ರಶಸ್ತಿ ಗೆದ್ದ ಮರುತಿಂಗಳೇ ಲೆನಾರ್ಡ್ ಕ್ಲಿಪ್ಪರ್ಸ್‌ಗೆ ಹೊರಟುಹೋದರು. ಇಷ್ಟು ಅಪಾಯವಿಲ್ಲದ ಇನ್ನೊಂದು ದಾರಿಯನ್ನು ಸ್ಯಾನ್ ಆಂಟೋನಿಯೊ ಹಿಂದೆಯೇ ತೋರಿಸಿತ್ತು. 2011ರಲ್ಲಿ ಅಗ್ರಸ್ಥಾನದಲ್ಲಿದ್ದ ಅದು ಎಂಟನೆಯ ಸ್ಥಾನದ ಮೆಂಫಿಸ್‌ಗೆ ಮೊದಲ ಸುತ್ತಿನಲ್ಲಿಯೇ ಸೋತಾಗ, ಟಿಮ್ ಡಂಕನ್, ಟೋನಿ ಪಾರ್ಕರ್, ಮನು ಜಿನೋಬಿಲಿ ಮೂವರದ್ದೂ ಕಾಲ ಮುಗಿಯಿತೆಂದವರೇ ಹೆಚ್ಚು. ತಂಡ ಆ ಮೂವರನ್ನೂ ಮುಟ್ಟದೆ, ಅವರ ಹಿಂದಿನ ಸಾಲಿನಲ್ಲಿ ಎಲ್ಲರಿಗೂ ಬೇಕಾಗಿದ್ದ ಗಾರ್ಡ್ ಜಾರ್ಜ್ ಹಿಲ್ ಅವರನ್ನು ಇಂಡಿಯಾನಾಗೆ ಕೊಟ್ಟು, ಡ್ರಾಫ್ಟ್‌ನಲ್ಲಿ 15ನೆಯವನಾಗಿ ಆಯ್ಕೆಯಾಗಿದ್ದ ಮಾತು ಕಡಿಮೆಯ ಹುಡುಗನೊಬ್ಬನನ್ನು ತಂದಿತು. 2014ರಲ್ಲಿ ಆ ಮೂವರೂ ಇನ್ನೊಮ್ಮೆ ಪ್ರಶಸ್ತಿ ಗೆದ್ದಾಗ ಫೈನಲ್‌ನ ಅತ್ಯುತ್ತಮ ಆಟಗಾರನಾಗಿದ್ದು ಆ ಹುಡುಗ, ಕವಾಯ್ ಲೆನಾರ್ಡ್.